ನಾಗ ಕ್ಷಮಿಸಿದ್ದ ಐದು ವರ್ಷಗಳು

ಗುಣವತಿಯವರು ತಮ್ಮ ಗಂಡನಿಗೆ ಐದು ವರ್ಷ ಮೂರು ತಿಂಗಳ ಕಾಲ, ಅವರಿಗೆ ತಿಳಿಯದಂತೆ, ರಾತ್ರಿಯ ಕಷಾಯದಲ್ಲಿ ಒಂದು ಮಾತ್ರೆಯನ್ನು ಅರೆದು ಬೆರೆಸಿ ಕೊಟ್ಟರು. ಇದನ್ನು ಅವರು, ಹೋಟೆಲಿನವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದ ನನಗೆ ಹೇಳಿದ್ದು ೧೯೯೪ರಲ್ಲಿ, ನಾಸಿಕದ ಪಂಚವಟಿಯ ಮನೆಯಲ್ಲಿ, ನಾಲ್ಕನೆಯ ಭೇಟಿಯಲ್ಲಿ. ಮೊದಲ ಮೂರು ಭೇಟಿಗಳಲ್ಲಿ ಅವರು ಹೋಟೆಲಿನ ಒಲೆ, ರುಬ್ಬುವ ಕಲ್ಲು, ಊರಿನಿಂದ ಬಂದಿಳಿದ ಹುಡುಗರಿಗೆ ಮರಾಠಿ ಕಲಿಸಿದ ಬಗೆ, ಇಷ್ಟನ್ನೇ ವಿವರಿಸಿದ್ದರು. ಆಗ ಅವರಿಗೆ ಅರವತ್ತೆರಡು ವರ್ಷ. ಗಂಡ ತೀರಿಕೊಂಡು ಹದಿನೈದು ವರ್ಷಗಳಾಗುತ್ತ ಬಂದಿದ್ದವು. ತಮ್ಮ ಜೀವಿತಾವಧಿಯಲ್ಲಿ ಇದು ಅಚ್ಚಾಗಬಾರದೆಂದು ಅವರು ಕೇಳಿಕೊಂಡಿದ್ದರು.

ಅವರ ಹುಟ್ಟೂರು ಬ್ರಹ್ಮಾವರದ ಹತ್ತಿರ. ಮದುವೆಯಾಗಿ ನಾಸಿಕಕ್ಕೆ ಬಂದದ್ದು ೧೯೫೩ರಲ್ಲಿ. ಗಂಡ ಕಿಟ್ಟಣ್ಣ ಭಟ್ಟರು ಅದೇ ಸೀಮೆಯ ಸದಾನಂದ ರಾಯರು ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನ ಮುಖ್ಯ ಅಡಿಗೆಯವರು. ಕರಾವಳಿಯ ಅಡಿಗೆಭಟ್ಟರು ಒಲೆಯ ಮುಂದೆ ಅಂಗಿ ಹಾಕುವುದಿಲ್ಲ. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ತೆಳು ವಸ್ತ್ರ, ಬರಿಮೈ ಮೇಲೆ ಜನಿವಾರ. ರುಚಿ ನೋಡುವುದೂ ಇಲ್ಲ, ಏಕೆಂದರೆ ನಾಲಗೆಗೆ ತಾಗಿಸಿದ್ದು ಎಂಜಲು. ಸಾರಿನ ಕುದಿಯನ್ನು ಕಣ್ಣಿಂದ, ಹುಳಿಯನ್ನು ಮೂಗಿಂದ ಅಳೆಯುವ ಮನುಷ್ಯ ಆತ ಎಂದು ಗುಣವತಿಯವರು ವರ್ಣಿಸಿದರು.

೧೯೬೭ರ ಮೇ ತಿಂಗಳಲ್ಲಿ ಭಟ್ಟರ ಬಲಪಕ್ಕೆಯ ಮೇಲೆ ಕೆಂಪು ಗುಳ್ಳೆಗಳೆದ್ದವು. ಬೆನ್ನೆಲುಬಿನಿಂದ ಹೊರಟು ಹೊಟ್ಟೆಯ ಕಡೆಗೆ ಪಟ್ಟಿಯಂತೆ ಸಾಗಿದವು. ಅದು ಸರ್ಪಸುತ್ತು ಎಂಬುದು ಕರಾವಳಿಯ ಯಾರಿಗಾದರೂ ನೋಡಿದ ಕೂಡಲೇ ತಿಳಿಯುತ್ತದೆ. ಅದರ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂಬ ಭಯವೂ ಅಲ್ಲಿಯದೇ. ಪಟ್ಟಿ ಅರ್ಧಕ್ಕೇ ನಿಂತಿತು, ಗುಳ್ಳೆಗಳು ತಿಂಗಳೊಳಗೆ ಒಣಗಿದವು. ನೋವು ಮಾತ್ರ ಉಳಿಯಿತು. ಬೆಂಕಿಗೆ ಹಿಡಿದ ಹಾಗೆ ಉರಿ, ನಡುನಡುವೆ ಸೂಜಿ ಚುಚ್ಚಿದಂಥ ಸೆಳೆತ. ಬಟ್ಟೆಯ ಅಂಚು ಸೋಕಿದರೆ ಸಾಕು, ಮೈ ಮುದುಡುತ್ತಿತ್ತು. ಹತ್ತಿಯ ಎಳೆಯಾದ ಜನಿವಾರವನ್ನೂ ತಾಳಲಾಗದೆ ಅವರು ಅದನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡರು. ಅಡಿಗೆಮನೆಯಲ್ಲಿ ಎಲ್ಲರೂ ಬರಿಮೈಯವರಾದ್ದರಿಂದ ಅವರು ಅಂಗಿ ತೊಡಲಾರರೆಂಬುದು ಬಹಳ ದಿನ ಯಾರ ಗಮನಕ್ಕೂ ಬರಲಿಲ್ಲ. ಬಂಧುಗಳ ಮದುವೆಗಳನ್ನು ಅವರು ಒಂದೊಂದೇ ನೆವ ಹೇಳಿ ತಪ್ಪಿಸಿದರು.

ಭಟ್ಟರಿಗೆ ನೋವಿನ ಕಾರಣ ಗೊತ್ತಿತ್ತು. ಮೂರು ವರ್ಷಗಳ ಹಿಂದೆ ಊರಿನಲ್ಲಿದ್ದ ಅಣ್ಣ ಜಯರಾಮ ಭಟ್ಟರು ಒಂದು ತುಂಡು ಜಾಗವನ್ನು ಮಾರಲು ಕಾಗದ ಕಳಿಸಿದ್ದರು. ಆ ಜಾಗದ ಮೂಲೆಯಲ್ಲಿ ಕುಟುಂಬದ ನಾಗಬನವಿತ್ತು: ನಾಲ್ಕು ಹಳೆಯ ನಾಗನ ಕಲ್ಲುಗಳು, ಸುತ್ತ ಕೊಂಬೆ ಮುರಿಯದೆ ಬಿಟ್ಟಿದ್ದ ಮರಬಳ್ಳಿಗಳು. ಹೋಟೆಲಿನಲ್ಲಿ ರಜೆ ಸಿಗದ ಕಾಲ. ಬೆಳಗಿನ ತಿಂಡಿ ಮುಗಿದು, ಊಟದ ಅಕ್ಕಿ ಬೇಯುತ್ತಿದ್ದ ನಡುವೆ, ಭಟ್ಟರು ಪಂಚೆಗೆ ಕೈ ಒರೆಸಿಕೊಂಡು ಸಹಿ ಹಾಕಿ ಅಂಚೆಗೆ ಕೊಟ್ಟಿದ್ದರು. ಕೊಂಡವನು ಬನವನ್ನು ಕಡಿಸಿ ಜಾಗ ಸಮ ಮಾಡಿದ. ಕಲ್ಲುಗಳನ್ನು ಎಲ್ಲಿಗೆ ಸಾಗಿಸಿದನೆಂದು ಕೇಳಿದರೆ ಜಯರಾಮ ಭಟ್ಟರು ಒಂದೊಂದು ಪತ್ರದಲ್ಲಿ ಒಂದೊಂದು ಬರೆದರು. ನಾಸಿಕದ ವೈದ್ಯರು ಕೊಟ್ಟ ಗುಳಿಗೆ, ಮುಲಾಮುಗಳಿಂದ ಉಪಯೋಗವಾಗದಿದ್ದಾಗ ಭಟ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಯಾರ ಮನೆ ಕಡಿದೆನೋ ಅವನೇ ಮೈ ಸುತ್ತಿದ್ದಾನೆ ಎಂದು ಅವರು ಹೆಂಡತಿಗೆ ಹೇಳಿದ್ದರು.

೧೯೬೮ರ ಕೊನೆಯಲ್ಲಿ ಸದಾನಂದ ರಾಯರು ಎರಡನೆಯ ಹೋಟೆಲನ್ನು ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ ತೆರೆದರು. ಅಲ್ಲಿನ ಅಡಿಗೆಮನೆಯನ್ನು ಒಂದು ಹದಕ್ಕೆ ತರಲು ಭಟ್ಟರನ್ನು ಆರು ತಿಂಗಳ ಮಟ್ಟಿಗೆ ಕಳಿಸಿದರು. ಗುಣವತಿಯವರೂ ಜೊತೆಗೆ ಹೋದರು. ಅಲ್ಲಿ ಮಧ್ಯಾಹ್ನದ ಊಟಕ್ಕೆ ತಪ್ಪದೆ ಬರುತ್ತಿದ್ದವರು ಸರ್ಕಾರಿ ಆಸ್ಪತ್ರೆಯ ಡಾಕ್ಟರು ವೈಜನಾಥ, ಬೀದರ ಜಿಲ್ಲೆಯವರು. ಸಾರನ್ನು ಹೊಗಳಲೆಂದು ಒಂದು ದಿನ ಅವರು ಅಡಿಗೆಮನೆಯ ಬಾಗಿಲಿಗೇ ಬಂದರು. ಕೊರಳಲ್ಲಿ ನೇತಾಡುತ್ತಿದ್ದ ಜನಿವಾರವನ್ನೂ ಪಕ್ಕೆಯ ಮೇಲಿನ ಕಂದು ಕಲೆಗಳನ್ನೂ ಕಂಡು, ಹೊಗಳಲು ಬಂದದ್ದನ್ನು ಮರೆತರು.

ಮರುದಿನ ಅವರು ಒಂದು ಪೊಟ್ಟಣ ಮಾತ್ರೆ ತಂದರು. ಅಮಿಟ್ರಿಪ್ಟಿಲಿನ್ ಎಂಬ ಹೆಸರನ್ನು ಗುಣವತಿಯವರು ಇಪ್ಪತ್ತೈದು ವರ್ಷಗಳ ನಂತರವೂ ತಡವರಿಸದೆ ಉಚ್ಚರಿಸಿದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ.

“ಭಟ್ಟರ, ಗಾಯ ಮಾಗ್ಯಾವ, ಆದ್ರ ನರ ಇನ್ನೂ ಮರತಿಲ್ಲ. ಇದು ಮನಸ್ಸು ಕುಸಿದವರಿಗಿ ಕೊಡೋ ಗುಳಿಗಿ ಅದ. ನಿಮಗ ಹುಚ್ಚದ ಅಂತ ಕೊಡ್ಲತ್ತಿಲ್ರಿ. ಸಣ್ಣ ಪ್ರಮಾಣದಾಗ ಕೊಟ್ರ ನರದ ನೋವಿಗೂ ತಾಗತದ ಅಂತ ಹೊರದೇಶದ ಡಾಕ್ಟರು ಬರದಾರ. ಬಾಯಿ ಒಣಗತದ, ನಿದ್ದಿ ಬರತದ. ಮೂರು ವಾರ ತಡೀರಿ. ನಡುವ ಬಿಡಬ್ಯಾಡ್ರಿ.”

ಭಟ್ಟರು ನಾಲ್ಕು ದಿನ ನುಂಗಿದರು. ಬಾಯಿ ಒಣಗಿತು. ಬೆಳಗಿನ ಒಲೆ ಹೊತ್ತಿಸುವ ಹೊತ್ತಿಗೆ ಕಣ್ಣು ತೆರೆಯುವುದು ಕಷ್ಟವಾಯಿತು. ನಾಲ್ಕನೆಯ ದಿನ ಹೋಟೆಲಿನ ಮ್ಯಾನೇಜರ್ ಉಮಾನಾಥ, ಔಷಧದಂಗಡಿಯವನಿಂದ ಮಾತ್ರೆಯ ಗುಣ ತಿಳಿದು ಬಂದವನು, ಎಲ್ಲರೆದುರು ಕೇಳಿದ: “ಭಟ್ರೇ, ಸಾರಿಗೆ ಉಪ್ಪು ಹಾಕಿದ್ದು ನೆನಪುಂಟಾ? ಇಲ್ಲದಿದ್ರೆ ನಾನು ಬರೆದಿಟ್ಕೊಳ್ತೇನೆ.” ಬಡಿಸುವವರು ನಕ್ಕರು. ಭಟ್ಟರೂ ನಕ್ಕರಂತೆ. ಅಂದು ರಾತ್ರಿ ಪೊಟ್ಟಣವನ್ನು ಅಟ್ಟದ ಮೇಲೆ ಎಸೆದು, ನಾಗನ ಕೋಪಕ್ಕೆ ಹುಚ್ಚಿನ ಮದ್ದು ತಿನ್ನುವಷ್ಟು ತಾನಿನ್ನೂ ಕೆಟ್ಟಿಲ್ಲವೆಂದರು. ತ್ರ್ಯಂಬಕೇಶ್ವರದಲ್ಲಿ ನಾಗಬಲಿ ಮಾಡಿಸುವುದೆಂದು ನಿಶ್ಚಯಿಸಿ, ಏಪ್ರಿಲಿನ ದಿನಕ್ಕೆ ಅಲ್ಲಿನ ಪುರೋಹಿತರಿಗೆ ಕಾಗದ ಬರೆದರು.

ಗುಣವತಿಯವರು ಪೊಟ್ಟಣವನ್ನು ಇಳಿಸಿಟ್ಟುಕೊಂಡರು. ಆ ದಿನಗಳಲ್ಲಿ ಭಟ್ಟರು ಗೋಡೆಗೆ ಎಡಪಕ್ಕೆಯನ್ನು ಒತ್ತಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಜೀವ ಸಾಕೆನ್ನುವ ಮಾತು ಎರಡು ಬಾರಿ ಬಂದಿತ್ತು. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು ಪುಡಿ ಮಾಡಿ ಬೆಲ್ಲ ಹಾಲಿನೊಂದಿಗೆ ಕುದಿಸಿದ ಕಷಾಯ ಅವರಿಗೆ ಊಟದ ಮೇಲೆ ಬೇಕೇ ಬೇಕು. ಮಾತ್ರೆಯ ಕಹಿಯನ್ನೂ, ನಾಲಗೆ ಜೋಮು ಹಿಡಿಸುವ ಅದರ ಗುಣವನ್ನೂ ಮೆಣಸು ನುಂಗಿಹಾಕುತ್ತದೆಯೆಂದು ಗುಣವತಿಯವರು ಮೊದಲು ತಾವೇ ಒಂದು ಚೂರು ಹಾಕಿ ಕುಡಿದು ಪರೀಕ್ಷಿಸಿದರು. ಗಂಡ ಈಗ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರೆಂದು ಡಾಕ್ಟರಿಗೆ ಹೇಳಿ ಇನ್ನೊಂದು ಪೊಟ್ಟಣ ತಂದರು. ಡಾಕ್ಟರಿಗೆ ಹೇಳಿದ್ದು ತಮ್ಮ ಮೊದಲ ಸುಳ್ಳು ಎಂದು ಅವರು ಬೆರಳು ಮಡಚಿದರು.

ಕಷಾಯದಲ್ಲಿ ಮಾತ್ರೆ ಬೆರೆಸತೊಡಗಿದ ಹದಿನೆಂಟು ದಿನಗಳ ನಂತರ ದಂಪತಿಗಳು ತ್ರ್ಯಂಬಕೇಶ್ವರಕ್ಕೆ ಹೋದರು. ಕುಶಾವರ್ತ ತೀರ್ಥದಲ್ಲಿ ಮುಳುಗಿ, ಹೊಸ ಬಿಳಿ ಬಟ್ಟೆ ಉಟ್ಟು, ಮೂರು ದಿನ ಕ್ರಿಯೆಯಲ್ಲಿ ಕುಳಿತರು. ಗೋಧಿ ಹಿಟ್ಟಿನಿಂದ ಮಾಡಿದ ನಾಗನ ದೇಹಕ್ಕೆ ಭಟ್ಟರು ಮಗನಂತೆ ಕೊಳ್ಳಿ ಇಟ್ಟರು. ಇಟ್ಟು, ಬಿಕ್ಕಿ ಬಿಕ್ಕಿ ಅತ್ತರು. ಗುಣವತಿಯವರು ಪಕ್ಕದಲ್ಲಿ ಕುಳಿತಿದ್ದರು. ಆ ಮೂರು ರಾತ್ರಿಗಳಲ್ಲೂ ಛತ್ರದ ಸ್ಟವ್ ಮೇಲೆ ಕಷಾಯ ಕುದಿಸಿದರು.

ಔರಂಗಾಬಾದಿನ ಅವಧಿ ಮುಗಿದು ನಾಸಿಕಕ್ಕೆ ಮರಳಿದ ಎಂಟನೆಯ ದಿನ ಭಟ್ಟರು ಹಾಸಿಗೆಯಲ್ಲಿ ಮಲಗಿ, ಬಲಮಗ್ಗುಲಾಗಿ, ಬೆಳಗಿನವರೆಗೆ ನಿದ್ದೆ ಮಾಡಿದರು. ಎದ್ದು ಪಕ್ಕೆಯನ್ನು ಅಂಗೈಯಿಂದ ಸವರಿಕೊಂಡರು, ಮತ್ತೆ ಸವರಿಕೊಂಡರು. “ಬಿಟ್ಟ ಮಾರಾಯ್ತಿ, ಬಿಟ್ಟ” ಎಂದರು. ಜನಿವಾರವನ್ನು ಸರಿಯಾಗಿ ಎಡಹೆಗಲಿಗೆ ಹಾಕಿಕೊಂಡರು. ಆ ವಾರವೇ ದರ್ಜಿಯಲ್ಲಿ ಎರಡು ಅಂಗಿ ಹೊಲಿಸಿದರು.

ಹೇಳಿಬಿಡಬೇಕೆಂದು ಅಂದೇ ಅನ್ನಿಸಿತ್ತು ಎಂದರು ಗುಣವತಿಯವರು. ಆದರೆ ಆ ಮುಖ ನೋಡಿ, ನಾಳೆ ಎಂದುಕೊಂಡರು. ಅಷ್ಟರಲ್ಲಿ ಭಟ್ಟರು ಊರಿಗೆಲ್ಲ ಕಾಗದ ಬರೆದಾಗಿತ್ತು. ಸರ್ಪಸುತ್ತೋ, ಮಕ್ಕಳಾಗದ ಕೊರಗೋ ಇದ್ದ ಕರಾವಳಿಯ ಕುಟುಂಬಗಳನ್ನು ಅವರೇ ಮುಂದೆ ನಿಂತು ತ್ರ್ಯಂಬಕೇಶ್ವರಕ್ಕೆ ಕರೆದೊಯ್ಯತೊಡಗಿದರು. ಐದು ವರ್ಷಗಳಲ್ಲಿ ಏಳು ಮನೆಯವರು. ಇನ್ನೊಬ್ಬರ ಸಂಕಟವನ್ನು ಕುಳಿತು ಕೇಳುವ ತಾಳ್ಮೆ ಅವರಿಗೆ ಬಂದದ್ದು ಆ ವರ್ಷಗಳಲ್ಲಿ. ತನ್ನಂಥ ಪಾಪಿಯನ್ನೇ ಬಿಟ್ಟವನು ನಿಮ್ಮನ್ನು ಬಿಡನೇ ಎಂದು ಅವರು ಧೈರ್ಯ ಹೇಳುತ್ತಿದ್ದರು.

ಮಾತ್ರೆ ಸಿಗುವುದು ಔರಂಗಾಬಾದಿನಲ್ಲಿ. ನಾಸಿಕದ ಅಂಗಡಿಗಳಲ್ಲಿ ಕೇಳಿದರೆ ಹೋಟೆಲಿನವರ ಕಿವಿಗೆ ಬೀಳುತ್ತದೆ. ಗುಣವತಿಯವರು ಎರಡು ತಿಂಗಳಿಗೊಮ್ಮೆ ಔರಂಗಾಬಾದಿನ ಹತ್ತಿರದ ವೇರುಳದ ಘೃಷ್ಣೇಶ್ವರನ ದರ್ಶನ ಮಾಡುವ ಹರಕೆ ಹೊತ್ತಿದ್ದೇನೆಂದರು. ಭಟ್ಟರು ಸಂತೋಷದಿಂದ ಒಪ್ಪಿದರು. ಯೇವಲೆ, ವೈಜಾಪುರದ ಮೇಲೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಆಗ ಇಡೀ ದಿನದ ಪ್ರಯಾಣ. ಮೊದಲು ಆಸ್ಪತ್ರೆ, ಮರುದಿನ ದೇವಸ್ಥಾನ. ದರ್ಶನವನ್ನು ಒಮ್ಮೆಯೂ ತಪ್ಪಿಸಲಿಲ್ಲ ಎಂಬುದನ್ನು ಅವರು ಒತ್ತಿ ಹೇಳಿದರು. ರಾತ್ರಿ ಉಳಿಯುತ್ತಿದ್ದುದು ಡಾಕ್ಟರ ಮನೆಯಲ್ಲಿ, ಅವರ ತಾಯಿ ಸಂಗಮ್ಮನವರ ಹತ್ತಿರ. ವಿಷಯವೆಲ್ಲ ತಿಳಿದಿದ್ದ ಒಬ್ಬರೇ ವ್ಯಕ್ತಿ ಆಕೆ; ಮಗನಿಗೂ ಹೇಳಿರಲಿಲ್ಲ.

“ದೇವರ ಹೆಸರಿಲೆ ಸುಳ್ಳ ಹೇಳಿ ಮತ್ತ ದೇವರ ಬಲ್ಲಿನೇ ಬರ್ತಿ. ಅಂವಗಾದ್ರೂ ಏನರ ಅನಸಬೇಕು ನೋಡವಾ” ಎಂದು ಸಂಗಮ್ಮ ರೇಗಿಸುತ್ತಿದ್ದರು. ಒಂದು ಸಲ ಮಾತ್ರ ರೇಗಿಸದೆ ಹೇಳಿದರು: “ನೋವು ನಿಂದಲ್ಲ. ಹೇಳಿಬಿಡು. ಬ್ಯಾನಿ ಯಾರದದನೋ ಮದ್ದು ಅವರ ಕೈಯಾಗ ಇರಬೇಕವಾ.”

೧೯೭೪ರ ಜೂನಿನಲ್ಲಿ ಗುಣವತಿಯವರಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಯಿತು. ವಾರದಲ್ಲಿ ಮನೆಗೆ ಕಳಿಸುತ್ತೇವೆಂದಿದ್ದರು. ಗಾಯ ಕೀವಾಗಿ ನಾಸಿಕದ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಮಲಗಬೇಕಾಯಿತು. ಮಗಳು ಸುಗುಣಾ ಮದುವೆಯಾಗಿ ಪುಣೆಯಲ್ಲಿದ್ದಳು. ಮಗ ರತ್ನಾಕರ ಅಪ್ಪನೆದುರು ಏನನ್ನೂ ಮುಚ್ಚಿಡಲಾರದವನು. ಮಾತ್ರೆಯ ಡಬ್ಬಿ ಮೆಂತೆಯ ಡಬ್ಬಿಯ ಹಿಂದೆ ಹಾಗೆಯೇ ಉಳಿಯಿತು.

ಹತ್ತನೆಯ ದಿನ ನೋಡಲು ಬಂದ ಭಟ್ಟರು ಅಂಗಿಯನ್ನು ಎರಡು ಬೆರಳಿನಿಂದ ಮೈಗೆ ತಾಗದಂತೆ ಎತ್ತಿ ಹಿಡಿದಿದ್ದರು. ಹದಿನೈದನೆಯ ದಿನ ಅಂಗಿಯಿರಲಿಲ್ಲ, ಹೊದೆದಿದ್ದ ವಸ್ತ್ರವೊಂದೇ. ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದರು. ಐದು ವರ್ಷಗಳಲ್ಲಿ ಎಲ್ಲಿ ತಪ್ಪಿದೆನೆಂದು ದಿನದಿನವನ್ನೂ ನೆನಪಿಸಿಕೊಂಡು ಹುಡುಕುತ್ತಿದ್ದರು. ಅಣ್ಣನಿಗೆ ಬರೆದಿದ್ದ ಕಾಗದಕ್ಕೆ ಉತ್ತರ ಬಂದಿತ್ತು: ಕ್ರಿಯೆಗೆ ಕುಳಿತಾಗ ನಿನ್ನ ಹೆಂಡತಿ ಮಡಿಯಲ್ಲಿ ತಪ್ಪಿರಬೇಕು, ಆ ದಿನಗಳಲ್ಲಿ ಮುಟ್ಟಾಗಿದ್ದುದನ್ನು ಮುಚ್ಚಿಟ್ಟಿರಬೇಕು, ಕೇಳಿ ನೋಡು ಎಂದು.

“ನಾನು ಕೇಳುವುದಿಲ್ಲ” ಎಂದರು ಭಟ್ಟರು, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕುಳಿತು. “ಗುಣವತಿ ನಾಗನ ಕೆಲಸದಲ್ಲಿ ತಪ್ಪುವವಳಲ್ಲ ಅಂತ ಬರೆದು ಹಾಕಿದ್ದೇನೆ. ಇನ್ನು ಅವನ ಕಾಗದ ಬಂದ್ರೆ ಒಡೆಯುವುದೂ ಇಲ್ಲ.”

ಈ ಮಾತಿನ ನಂತರ ಸುಮ್ಮನಿರುವುದು ಆಗಲಿಲ್ಲ ಎಂದರು ಗುಣವತಿಯವರು. ಆಪಾದನೆ ಹೊರಿಸಿದ್ದರೆ ಹೊತ್ತುಕೊಳ್ಳುತ್ತಿದ್ದರು. ನಂಬಿಕೆಯನ್ನು ಹೊರಲಾಗಲಿಲ್ಲ. ಅವರು ಎಲ್ಲವನ್ನೂ ಹೇಳಿದರು. ಹೇಳಿ ಮುಗಿದ ಮೇಲೆ ಭಟ್ಟರು ಕೇಳಿದ್ದು ಎರಡೇ.

“ತ್ರ್ಯಂಬಕಕ್ಕೆ ಹೋಗುವ ಮೊದಲೇ ಹಾಕ್ತಾ ಇದ್ಯಾ?”

“ಹದಿನೆಂಟು ದಿನ ಮೊದಲು.”

“ಅಲ್ಲಿ? ಆ ಮೂರು ದಿನ?”

“ಅಲ್ಲಿಯೂ.”

“ಹಾಗಾದ್ರೆ ಅವನು ಬಿಡಲೇ ಇಲ್ಲ” ಎಂದರು ಭಟ್ಟರು. “ಏಳು ಮನೆಯವರಿಗೆ ನಾನು ಸುಳ್ಳು ಹೇಳಿದೆ.”

ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು ಎಂಬ ಮಾತು ನನ್ನ ಧ್ವನಿಮುದ್ರಣದಲ್ಲಿ ಎರಡು ಬಾರಿ ಬರುತ್ತದೆ, ಬೇರೆ ಬೇರೆ ದಿನಗಳಲ್ಲಿ, ಅದೇ ಪದಗಳಲ್ಲಿ.

ಅವರು ಏಳು ಮನೆಗಳಿಗೂ ಕಾರ್ಡು ಬರೆದರು. ತನ್ನ ನೋವು ಹೋಗಿದ್ದು ಮಾತ್ರೆಯಿಂದ, ನಾಗಬಲಿಯಿಂದಲ್ಲ; ತಿಳಿಯದೆ ತಪ್ಪು ಹೇಳಿದ್ದೆ, ಮನ್ನಿಸಿ ಎಂದು. ಒಂದು ಮನೆಯವರು ಉತ್ತರಿಸಿದರು. ಕ್ರಿಯೆಯ ಮರುವರ್ಷ ಅವರಿಗೆ ಗಂಡು ಮಗುವಾಗಿತ್ತು. ಭಟ್ಟರ ತಲೆ ಕೆಟ್ಟಿದೆ, ಇಂಥ ಅಶುಭವನ್ನು ಮತ್ತೆ ಬರೆಯಬೇಡಿ ಎಂದಿತ್ತು ಅದರಲ್ಲಿ. ಆ ಕಾಗದವನ್ನು ಗುಣವತಿಯವರು ನನಗೆ ತೋರಿಸಿದರು.

ಮುಂದಿನ ಎರಡು ವರ್ಷ ಭಟ್ಟರು ಮಾತ್ರೆ ಮುಟ್ಟಲಿಲ್ಲ. ಹೆಂಡತಿ ಮಾಡಿದ ಕಷಾಯವನ್ನೂ ಕುಡಿಯಲಿಲ್ಲ. ಮನೆಯಲ್ಲಿ ಅವರ ಕೈಯಿಂದ ಬಡಿಸಿಕೊಳ್ಳುವುದನ್ನೇ ಬಿಟ್ಟು, ಹೋಟೆಲಿನಲ್ಲಿ ಉಂಡು ಬರುತ್ತಿದ್ದರು. ಸುದ್ದಿ ತಿಳಿದ ಡಾಕ್ಟರು ಔರಂಗಾಬಾದಿನಿಂದ ತಾವೇ ಬಂದು ಕೈ ಮುಗಿದು, ತಾನು ವಿಚಾರಿಸದೆ ಮಾತ್ರೆ ಕೊಟ್ಟದ್ದು ತಪ್ಪಾಯಿತೆಂದರು. ಭಟ್ಟರು ಅವರಿಗೆ ಎಲೆ ಹಾಕಿ ಊಟ ಬಡಿಸಿದರು, ನೋವಿನ ಮಾತನ್ನು ಮಾತ್ರ ಎತ್ತಗೊಡಲಿಲ್ಲ. ಅದು ತನಗೆ ಸಲ್ಲಬೇಕಾದದ್ದು, ತಾನೇ ಉಣ್ಣಬೇಕಾದದ್ದು ಎಂಬುದು ಅವರ ನಿಲುವು.

ದೇಹ ಆ ನಿಲುವನ್ನು ತಾಳಲಿಲ್ಲ. ೧೯೭೬ರ ಬೇಸಿಗೆಯಲ್ಲಿ ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ಸೆಳೆತ ಬಂದು ಕರಿಯುವ ಸೌಟು ಕೈಜಾರಿತು. ಎಣ್ಣೆ ಸಿಡಿದು ಪಕ್ಕದಲ್ಲಿದ್ದವನ ಮುಂಗೈ ಸುಟ್ಟಿತು. ಸದಾನಂದ ರಾಯರು ಮೆತ್ತಗೆ, ಇನ್ನು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳಿ ಎಂದರು. ಅಲ್ಲಿ ಕುಳಿತುಕೊಳ್ಳಲು ಅಂಗಿ ತೊಡಬೇಕು. ಭಟ್ಟರು ಮನೆಗೆ ಬಂದು, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ, ಹೆಂಡತಿಯನ್ನು ಕೇಳಿದರು: “ಆ ಮಾತ್ರೆ ಉಂಟಾ?”

ಹೊಸದನ್ನು ತರಿಸಿದರು. ಪ್ರತಿ ರಾತ್ರಿ ಅವರು ತಾವೇ ಪೊಟ್ಟಣ ಬಿಚ್ಚಿ, ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿ, ನೀರಿನೊಂದಿಗೆ ನುಂಗುತ್ತಿದ್ದರು. ತೋರಿಸುವುದು ಬೇಡವೆಂದು ಗುಣವತಿಯವರು ಕೇಳಿಕೊಂಡರೂ ಬಿಡಲಿಲ್ಲ. ಮೂರನೆಯ ವಾರ ಉರಿ ತಗ್ಗಿತು, ತಿಂಗಳೊಳಗೆ ನಿಂತಿತು. ಒಲೆಯ ಮುಂದೆ ಮರಳಿದರು. ನಿದ್ದೆ ಬಂತು, ಊಟ ಸೇರಿತು. ಮತ್ತೆ ಮನೆಯಲ್ಲೇ ಉಣ್ಣತೊಡಗಿದರು. ಆದರೆ ಮಾತು ಹಿಂದಿರುಗಲಿಲ್ಲ. ಯಾರಾದರೂ ಸಂಕಟ ಹೇಳಿಕೊಂಡು ಬಂದರೆ, ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರು.

ಅದೇ ವರ್ಷ ಗುಣವತಿಯವರು ಔರಂಗಾಬಾದಿಗೆ ಹೋಗಿ ಡಾಕ್ಟರನ್ನು ಕೇಳಿದರು. ಇದು ಮನಸ್ಸು ಕುಸಿದವರ ಮದ್ದೆಂದು ಹೇಳಿದ್ದಿರಲ್ಲ, ಸ್ವಲ್ಪ ಹೆಚ್ಚು ಕೊಟ್ಟರೆ ಅದೂ ಸರಿಹೋದೀತೇ ಎಂದು. ವೈಜನಾಥರು ಹೇಳಿದ್ದಿಷ್ಟು:

“ಕೊಡ್ಲಿಕ್ಕಿ ಬರತದ, ಅಕ್ಕಾರ. ಆದ್ರ ಈ ಸಲ ಅವರೇ ಬಂದು ಕೇಳಬೇಕ್ರಿ.”

ಭಟ್ಟರು ಕೇಳಲು ಹೋಗಲಿಲ್ಲ. ನೋವಿದ್ದಾಗ ನಾಗನ ಕಣ್ಣು ತನ್ನ ಮೇಲಿದೆ ಎಂಬುದಾದರೂ ಇತ್ತು, ಈಗ ಅದೂ ಇಲ್ಲ ಎಂದು ಅವರು ಒಮ್ಮೆ ಹೇಳಿದ್ದರು. ಆ ವಿಷಯದಲ್ಲಿ ಅವರ ಬಾಯಿಂದ ಬಂದದ್ದು ಅಷ್ಟೇ. ೧೯೭೯ರ ಡಿಸೆಂಬರಿನಲ್ಲಿ, ಎರಡು ದಿನದ ಜ್ವರದಲ್ಲಿ, ಅವರು ತೀರಿಕೊಂಡರು. ಪಕ್ಕೆಯಲ್ಲಿ ನೋವಿರಲಿಲ್ಲ.

ಅದಕ್ಕೂ ಹಿಂದಿನ ವರ್ಷದ ನಾಗರಪಂಚಮಿಯನ್ನು ಗುಣವತಿಯವರು ಕೊನೆಯ ಭೇಟಿಯಲ್ಲಿ ನೆನೆದರು. ಗೋದಾವರಿ ದಂಡೆಯ ಅಶ್ವತ್ಥದ ಕೆಳಗಿನ ನಾಗನ ಕಲ್ಲಿಗೆ ಹಾಲೆರೆಯಲು ಹೊರಟಿದ್ದರು. ಸಂಕಲ್ಪದಲ್ಲಿ ಮನೆಯ ಯಜಮಾನನ ಗೋತ್ರ, ನಕ್ಷತ್ರ, ಹೆಸರನ್ನು ಪುರೋಹಿತರು ಕೇಳಿ ಹೇಳುವುದು ರೂಢಿ. ಚೊಂಬು ಹಿಡಿದು ಬಾಗಿಲು ದಾಟುವಾಗ ಭಟ್ಟರು ಒಳಗಿನಿಂದ ಕರೆದರು.

“ಅಲ್ಲಿ ನನ್ನ ಹೆಸರು ಹೇಳಿಸಬೇಡ.”

ಪುರೋಹಿತರು ಕೇಳಿದಾಗ ಗುಣವತಿಯವರು ರತ್ನಾಕರನ ಹೆಸರು ಹೇಳಿದರು. ಯಜಮಾನರಿದ್ದೂ ಮಗನ ಹೆಸರೇಕೆ ಎಂದು ಪುರೋಹಿತರು ತಲೆಯೆತ್ತಿ ನೋಡಿದರು. ಗುಣವತಿಯವರು ಹಾಲೆರೆದು ಬಂದರು.